ಮಾತು ಕೊಟ್ಟವನ ಹೆಂಡತಿ

ಆ ಬೀದಿಗೆ ಹೊಸದಾಗಿ ಬಂದವರೆಲ್ಲ ಮೊದಲ ವಾರದಲ್ಲೇ ಒಂದು ತೀರ್ಮಾನಕ್ಕೆ ಬಂದುಬಿಡುತ್ತಿದ್ದರು: ಮೂಲೆ ಅಂಗಡಿಯ ಟೈಲರ್ ಮಾಸ್ಟರು ಮಾತು ಬಿಟ್ಟಿದ್ದು ಹೆಂಡತಿಯ ಕಾಟಕ್ಕೇ ಇರಬೇಕು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಒಳಗೆ ಹೊಲಿಗೆ ಮಿಷನ್ನಿನ ಮುಂದೆ ಮಾಸ್ಟರು ತುಟಿ ಎರಡು ಮಾಡದೆ ಕೂತಿರುತ್ತಿದ್ದರು. ಹೊರಗೆ ಕೌಂಟರಿನ ಹಿಂದೆ ನಿಂತ ಆಕೆ ಬೆಳಿಗ್ಗೆ ಒಂಬತ್ತಕ್ಕೆ ತೆರೆದ ಬಾಯನ್ನು ಸಂಜೆ ಅಂಗಡಿಯ ಶಟರಿನ ಜೊತೆಗೇ ಮುಚ್ಚುತ್ತಿದ್ದಳು. ಬೀದಿಯವರು ಆಕೆಗೆ ಇಟ್ಟ ಹೆಸರು ಬಾಯಮ್ಮ. ಮಾಸ್ಟರಿಗೆ ಇಟ್ಟ ಹೆಸರು ಸ್ವಾಮಿ. ಹೆಸರಿಡುವುದರಲ್ಲಿ ಬೀದಿಯವರಷ್ಟು ಅನ್ಯಾಯಗಾರರನ್ನು ನಾನು ಕಂಡಿಲ್ಲ.

ಏಕೆಂದರೆ ತವರಿನಲ್ಲಿ ಇದೇ ಬಾಯಮ್ಮನನ್ನು ಗುಮ್ಮನಗುಸಕಿ ಎಂದು ಆಡಿಕೊಳ್ಳುತ್ತಿದ್ದರು. ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳು, ನೆಂಟರು ಬಂದರೆ ಬಾಗಿಲ ಹಿಂದೆ ಸೇರಿಕೊಳ್ಳುವವಳು. ಆಕೆ ಮಾಸ್ಟರನ್ನು ಮೆಚ್ಚಿ ಮದುವೆಯಾಗಿದ್ದೇ ಅವರು ಮಾತುಗಾರರು ಎಂಬ ಕಾರಣಕ್ಕೆ. ಇಬ್ಬರ ಪಾಲಿನ ಮಾತನ್ನೂ ಇವರೇ ಆಡಿಬಿಡುತ್ತಾರೆ, ನನಗೆ ಕೂತು ಕೇಳುವ ಕೆಲಸ ಅಷ್ಟೆ ಎಂದುಕೊಂಡಿದ್ದಳು. ನಾಲ್ಕು ವರ್ಷ ಹಾಗೇ ನಡೆಯಿತು.

ಆಮೇಲೆ ಎರಡು ವರ್ಷದ ಮಗಳಿಗೆ ಜ್ವರ ಬಂತು. ತಲೆಗೇರಿದೆ, ಎರಡು ದಿನ ಕಳೆಯುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲ ಕೆಳಗೆ, ನೆಲ ಒರೆಸುವ ಬಕೆಟ್ಟಿನ ಪಕ್ಕದಲ್ಲಿ ನಿಂತು ಮಾಸ್ಟರು ಕಣ್ಣು ಮುಚ್ಚಿದರು. ಪಕ್ಕದಲ್ಲೇ ಇದ್ದ ಆಕೆಗೆ ಪ್ರತಿ ಅಕ್ಷರವೂ ಕೇಳಿಸಿತು.

"ಮಗು ಉಳೀಲಿ ದೇವ್ರೇ. ನನ್ನ ಮಾತು ನಿನಗೆ ಕೊಟ್ಟೆ."

ಮಾತು ಕೊಡುವುದು ಎಂದರೆ ಎಲ್ಲರೂ ಕೊಡುವಂಥದ್ದು, ಏನೋ ಒಂದು ಮಾಡುತ್ತೇನೆ ಎಂಬ ಭರವಸೆ ಎಂದು ಆಕೆ ತಿಳಿದಳು. ಮೂರನೆಯ ದಿನ ಬೆಳಿಗ್ಗೆ ಮಗು ಎದ್ದು ಕೂತು ನೀರು ಕೇಳಿತು. ಆಕೆ ಕುಣಿದಾಡುತ್ತಾ ಹೊರಗೆ ಓಡಿಬಂದು ಹೇಳಿದಾಗ ಮಾಸ್ಟರು ಕೈ ಮುಗಿದರು, ಅತ್ತರು, ಒಂದು ಮಾತೂ ಆಡಲಿಲ್ಲ. ಅವರು ಮಾತನ್ನೇ ಕೊಟ್ಟುಬಿಟ್ಟಿದ್ದರು, ಇಡಿಯಾಗಿ.

ಹರಕೆ ಹೊರುವವರು ಒಂದು ಅವಧಿ ಇಟ್ಟುಕೊಳ್ಳುತ್ತಾರೆ: ಒಂದು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಯಾವ ಬಟ್ಟೆ ಕತ್ತರಿಸಿದರೂ ಮುಂದೆ ಸಡಿಲಿಸಲು ಬೇಕಾದೀತೆಂದು ಒಳಗಡೆ ಒಂದು ಇಂಚು ಬಿಟ್ಟು ಕತ್ತರಿಸುವ ಮಾಸ್ಟರು ಹರಕೆಗೆ ಮಾತ್ರ ಏನೂ ಬಿಡಲಿಲ್ಲ. ವರ್ಷ ತುಂಬಿದ ದಿನ ಆಕೆ, "ಸಾಕಲ್ವೇನ್ರೀ ಇನ್ನು?" ಎಂದು ಕೇಳಿದಳು. ಅವರು ಆಡುತ್ತಿದ್ದ ಮಗುವಿನ ಕಡೆ ಬೆರಳು ತೋರಿಸಿ, ಆಮೇಲೆ ಮೇಲಕ್ಕೆ ತೋರಿಸಿ, ಮುಷ್ಟಿ ಕಟ್ಟಿ ಕೆಳಗೆಳೆದುಕೊಂಡರು. ನಾನು ಕೊಟ್ಟಿದ್ದನ್ನು ವಾಪಸ್ ತಗೊಂಡರೆ ದೇವರೂ ತಗೊಳ್ಳುತ್ತಾನೆ ಎಂದು ಅದರರ್ಥ. ಬರೆದು ತೋರಿಸುವುದನ್ನೂ ಬಿಟ್ಟರು, ಅದೂ ಮಾತೇ ಅಂತೆ. ಅಂಕಿ ಮಾತ್ರ ಮಾತಲ್ಲವಂತೆ. ಹಾಗೆಂದು ಯಾರು ಹೇಳಿದರೋ, ಕೇಳಿದರೆ ಉತ್ತರ ಕೊಡಲು ಅವರಿಗೆ ಬಾಯಿ ಇರಲಿಲ್ಲ.

ಹರಕೆ ಹೊತ್ತ ದಿನದಿಂದ ಇಪ್ಪತ್ತೊಂದು ವರ್ಷ ಆಕೆಯ ಗಂಟಲು ಇಬ್ಬರಿಗೆ ದುಡಿಯಿತು.

ಅಂಗಡಿಯಲ್ಲಿ ಅದಕ್ಕೊಂದು ಪದ್ಧತಿಯೇ ಬೆಳೆಯಿತು. ಮಾಸ್ಟರು ಗಿರಾಕಿಯ ಎದೆಗೆ ಟೇಪು ಸುತ್ತಿ, ಅಳತೆ ಬಿದ್ದಲ್ಲಿ ಹೆಬ್ಬೆರಳ ಉಗುರು ಒತ್ತಿ ಹಿಡಿಯುತ್ತಿದ್ದರು. ಆಕೆ ಬಗ್ಗಿ ನೋಡಿ, "ಎದೆ ಮೂವತ್ತೆಂಟು" ಎಂದು ಕೂಗಿ ಬರೆದುಕೊಳ್ಳುತ್ತಿದ್ದಳು. ಗಿರಾಕಿಗಳ ಪ್ರಶ್ನೆಗೆ ಮಾಸ್ಟರ ಉತ್ತರ ಕತ್ತರಿಯಲ್ಲಿ. ಮೇಜಿನ ಮೇಲೆ ಒಂದು ಸಲ ಕುಟ್ಟಿದರೆ ಆಗುತ್ತದೆ, ಎರಡು ಸಲ ಕುಟ್ಟಿದರೆ ಆಗಲ್ಲ. ಆ ಎರಡು ಕುಟ್ಟಿಗೆ ಆಕೆ ಎಷ್ಟು ಬಣ್ಣ ಹಚ್ಚಬೇಕಿತ್ತೆಂದರೆ! "ಮಾಸ್ಟರು ಹೇಳ್ತಾರೆ, ನಿಮ್ಮ ಬಟ್ಟೇನ ಅವಸರದಲ್ಲಿ ಹೊಲ್ದು ಕೆಡ್ಸೋಕೆ ಅವರಿಗೆ ಮನಸ್ಸಿಲ್ವಂತೆ. ಗುರುವಾರ ಬಂದ್ಬಿಡಿ ಅಣ್ಣ." ಅಣ್ಣ ಹಿಗ್ಗಿ ಹೋಗುತ್ತಿದ್ದ. ಎಂಥ ಮನುಷ್ಯ, ಮಾತಾಡದೇ ಇದ್ದರೂ ಎಷ್ಟು ಪ್ರೀತಿ ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಕಷ್ಟ ಹೇಳಿಕೊಳ್ಳಲೂ ಜನ ಬರತೊಡಗಿದರು. ಮಾಸ್ಟರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ಹೊತ್ತಿಗೆ ಅವರು ಯಾವುದೋ ಕಾಲರಿನ ಚಿಂತೆಯಲ್ಲಿರುತ್ತಾರೆ ಎಂಬುದು ಆಕೆಗೆ ಗೊತ್ತು. ಬಂದವರನ್ನು ಸುಮ್ಮನೆ ಕಳಿಸಲಾಗದೆ ತಾನೇ ಎರಡು ಸಮಾಧಾನದ ಮಾತು ಹೇಳುತ್ತಿದ್ದಳು. ಪುಣ್ಯ ಸ್ವಾಮಿಯದು, ಗಂಟಲು ಬಾಯಮ್ಮನದು. ಮಗಳ ಸ್ಕೂಲಿಗೆ, ಮನೆ ಓನರ ಹತ್ತಿರ, ಫೋನಿನಲ್ಲಿ, ನೆಂಟರ ಮನೆಯಲ್ಲಿ, ಎಲ್ಲ ಕಡೆಯೂ ಆಕೆಯೇ. ಗಂಡನ ಮೇಲೆ ಸಿಟ್ಟು ಬಂದರೆ ಅವರ ಪರವಾಗಿಯೂ ತಾನೇ ಉತ್ತರ ಕೊಟ್ಟುಕೊಂಡು, ತಾನೇ ಸೋತು, ತಾನೇ ಮುಖ ಊದಿಸಿಕೊಳ್ಳುತ್ತಿದ್ದಳು.

ಅತ್ತೆ ಸಾಯುವಾಗ ಕಣ್ಣು ಪೂರಾ ಹೋಗಿತ್ತು. ಮಗನ ಕೈ ಹಿಡಿದುಕೊಂಡು, "ಒಂದ್ಸಲ ಅಮ್ಮಾ ಅನ್ನೋ" ಎಂದರು. ಮಾಸ್ಟರು ಕೈಯನ್ನು ಇನ್ನಷ್ಟು ಬಿಗಿ ಹಿಡಿದರು. ನೋಡಲಾಗದೆ ಆಕೆ ಬಗ್ಗಿ, "ಅಮ್ಮಾ, ಇಲ್ಲೇ ಇದೀನಿ" ಎಂದಳು. ಅತ್ತೆ ತಲೆ ಅಲ್ಲಾಡಿಸಿದರು. "ನೀನಲ್ಲ ಕಣಮ್ಮ. ಅವನು." ಅದೊಂದನ್ನು ಮಾತ್ರ ಆಕೆ ಗಂಡನಿಗೆ ಇವತ್ತಿಗೂ ಕ್ಷಮಿಸಿಲ್ಲ. ಯಾರಿಗಾದರೂ ಹೇಳಿ ಹಗುರಾಗೋಣ ಎಂದರೆ, ದಿನವಿಡೀ ಅವರ ಮಾತನ್ನು ಆಡಿ ಆಡಿ ತನ್ನ ಮಾತಿಗೆ ಉಸಿರೇ ಉಳಿಯುತ್ತಿರಲಿಲ್ಲ.

ಈ ವರ್ಷ ಗಂಟಲು ಕೈಕೊಟ್ಟಿತು. ಮೊದಲು ಒಡೆದ ದನಿ, ಆಮೇಲೆ ಸಂಜೆಯಾದರೆ ಬರೀ ಗಾಳಿ. ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಅರ್ಧ ದಿನ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಗಂಟಲಿನ ಡಾಕ್ಟರು ಹೆಂಗಸು, ನಗುಮುಖದವರು. ಕೊಳವೆ ಇಳಿಸಿ ನೋಡಿದ ಮೇಲೆ ಆ ನಗು ಕಡಿಮೆಯಾಯಿತು.

"ಏನ್ ಕೆಲ್ಸ ನಿಮ್ಮದು? ಟೀಚರಾ?"

"ಟೈಲರ್ ಅಂಗಡಿ," ಎಂದಳು ಮಗಳು.

"ಬಟ್ಟೆ ಹೊಲಿಯೋರಿಗೆ ಗಂಟಲು ಹಿಂಗಾಗಿದ್ದು ನಾನು ನೋಡಿಲ್ಲ."

"ಅಮ್ಮ ಇಬ್ಬರ ಮಾತು ಆಡ್ತಾರೆ ಡಾಕ್ಟ್ರೇ."

ಡಾಕ್ಟರಿಗೆ ಅರ್ಥವಾಗಲಿಲ್ಲ. "ದನಿ ತಂತೀಲಿ ಗಂಟಾಗಿದೆ. ಎಂಟು ವಾರ ಒಂದಕ್ಷರ ಆಡೋ ಹಾಗಿಲ್ಲ. ಪಿಸುಪಿಸು ಅನ್ನೋದೂ ಬೇಡ, ಅದು ಇನ್ನೂ ಕೆಟ್ಟದ್ದು. ಮೀರಿದ್ರೆ ಆಪರೇಷನ್ ಮಾಡ್ಬೇಕಾಗತ್ತೆ. ಆಮೇಲೆ ದನಿ ವಾಪಸ್ ಬರತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

ಮಾತು ಕೊಡುವುದು ಎಂದು ಕಿವಿಗೆ ಬಿದ್ದೊಡನೆ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಆಕೆಗೆ ಹೆದರಿಕೆಯಾಗಬೇಕಿತ್ತು. ಆಗಿದ್ದು ನೆಮ್ಮದಿ. ಇಷ್ಟು ವರ್ಷದಲ್ಲಿ ಸುಮ್ಮನಿರು ಎಂದು ಬೈದವರು ಬೇಕಾದಷ್ಟು ಜನ, ಸುಮ್ಮನಿದ್ದರೆ ಒಳ್ಳೆಯದು ಎಂದು ಹೇಳಿದವರು ಇವರೊಬ್ಬರೇ. ದಾರಿಯಲ್ಲಿ ಆ ನೆಮ್ಮದಿಗೆ ತಾನೇ ನಾಚಿಕೆಪಟ್ಟುಕೊಂಡಳು.

ಮಧ್ಯಾಹ್ನ ಮಗಳು ಅಂಗಡಿಯಲ್ಲೇ ಅಪ್ಪನ ಮುಂದೆ ಸ್ಟೂಲು ಎಳೆದುಕೊಂಡು ಕೂತಳು.

"ಅಪ್ಪ, ಇನ್ಮೇಲೆ ನೀನು ಮಾತಾಡ್ಬೇಕು. ಗಿರಾಕಿ ಎದ್ರಿಗೆ ಬಂದ್ರೆ ಅಮ್ಮನ ಬಾಯಿ ತಾನಾಗೇ ತೆರ್ಕೊಳತ್ತೆ. ಅಮ್ಮನ ದನಿ ಪೂರಾ ಹೋಗ್ಬಿಡತ್ತೆ."

ಮಾಸ್ಟರು ಬೆರಳೆತ್ತಿ ಮಗಳನ್ನೇ ತೋರಿಸಿದರು.

"ಗೊತ್ತು. ನನಗೇನಾದ್ರೂ ಆಗತ್ತೆ ಅಂತ. ನೆಗಡಿ ಆದ್ರೂ ನಿನಗೆ ಕೇಳಿಸದ ಹಾಗೆ ಸೀನಿದೀನಿ ನಾನು. ಮೈ ಬಿಸಿಯಾದ್ರೆ, ಅಪ್ಪ ಎಲ್ಲೋ ಬಾಯ್ತಪ್ಪಿ ಏನೋ ಅಂದಿರ್ಬೇಕು ಅಂತ ಹೆದರ್ಕೊಂಡಿದೀನಿ. ನನ್ನಿಂದ ಅಪ್ಪನ ಮಾತು ಹೋಯ್ತು, ಈಗ ಅಮ್ಮಂದೂ ಹೋಗತ್ತೆ. ನಾನು ಬದುಕಿರೋದು ಎಷ್ಟು ಜನಕ್ಕಪ್ಪ ಭಾರ?"

ಮಾಸ್ಟರು ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತರು. ಮಗಳು ಒಂದು ರಟ್ಟಿನ ಮೇಲೆ 'ಎಂಟು ವಾರ ಇಲ್ಲಿ ಯಾರೂ ಮಾತಾಡುವುದಿಲ್ಲ, ದಯವಿಟ್ಟು ಸಹಕರಿಸಿ' ಎಂದು ಬರೆದು ಕೌಂಟರಿಗೆ ನೇತುಹಾಕಿ ಕೆಲಸಕ್ಕೆ ಹೋದಳು.

ನಾಲ್ಕು ದಿನ ಹೇಗೋ ಕಳೆಯಿತು. ಜನ ರಟ್ಟನ್ನು ಓದಿ, ನಕ್ಕು, ಆಮೇಲೆ, "ಹಂಗಾದ್ರೆ ಯಾವತ್ತು ಬರ್ಲಿ?" ಎಂದು ಕೇಳುತ್ತಿದ್ದರು. ಆಕೆ ಬೆರಳಲ್ಲಿ ದಿನ ಎಣಿಸಿ ತೋರಿಸುತ್ತಿದ್ದಳು. ಬಾಯಮ್ಮನ ಬಾಯಿಗೂ ಬೀಗ ಬಿತ್ತು ಎಂಬ ಸುದ್ದಿಯಿಂದ ಬೀದಿಗೆ ಒಳ್ಳೇ ಮಜಾ ಸಿಕ್ಕಿತು.

ಐದನೆಯ ದಿನ ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಗಂಡಸಿನ ಕೋಟೊಂದನ್ನು ಎದೆಗವಚಿಕೊಂಡು ಬಂದಳು. ಹೊಸಬಳು, ರಟ್ಟು ನೋಡಲಿಲ್ಲ. "ನಮ್ಮನೆಯವರದ್ದು. ಅವರು ಹೋಗಿ ಒಂದು ತಿಂಗಳಾಯ್ತು. ನನ್ನ ಮಗನ ಅಳತೆಗೆ ಚಿಕ್ಕದು ಮಾಡ್ಕೊಡ್ತೀರಾ?" ಮಾಸ್ಟರು ಕೋಟನ್ನು ಬೆಳಕಿಗೆ ಹಿಡಿದರು. ಮೊಣಕೈ, ಬೆನ್ನು, ಎಲ್ಲ ಕಡೆ ದಾರ ಸವೆದು ಜರಡಿಯಾಗಿತ್ತು. ಕತ್ತರಿ ಎರಡು ಸಲ ಕುಟ್ಟಿದರು.

"ಆಗತ್ತಾ?" ಎಂದಳು ಆ ಹೆಂಗಸು.

ಕತ್ತರಿ ಮತ್ತೆ ಎರಡು ಸಲ.

"ನಾನು ಇಷ್ಟು ದೂರದಿಂದ ಬಂದಿದೀನಿ. ಆಗತ್ತೋ ಇಲ್ವೋ ಒಂದು ಮಾತು ಹೇಳೋಕೇನು? ಇಬ್ಬರೂ ಹಿಂಗೆ ಬಾಯಿ ಮುಚ್ಕೊಂಡು ನೋಡ್ತಿದ್ರೆ..." ಎನ್ನುತ್ತಾ ಅವಳು ಕೌಂಟರು ಹಿಡಿದುಕೊಂಡು ಅಳತೊಡಗಿದಳು.

ಬಾಯಮ್ಮನಿಂದ ತಡೆಯಲಾಗಲಿಲ್ಲ. ಹೇಳಬೇಕಾದದ್ದೆಲ್ಲ ಸಿದ್ಧವಾಗಿಯೇ ಇತ್ತು: ಮಾಸ್ಟರು ಹೇಳ್ತಾರೆ, ಯಜಮಾನ್ರು ಇದನ್ನ ಅಷ್ಟು ಇಷ್ಟಪಟ್ಟು ಹಾಕ್ಕೊಂಡಿದಾರಮ್ಮ, ಇದಕ್ಕೆ ಕತ್ತರಿ ತಾಗಿಸೋದು ಬೇಡ, ಹಾಗೇ ಇಟ್ಕೊಳಿ. ಆಕೆ ಬಾಯಿ ತೆರೆದಳು. "ತಂಗೀ..." ಎಂದು ಹೊರಟ ಮಾತು ಒಡಕು ತಗಡಿನಂತೆ ಕರಕರ ಎಂದಿತು.

ಅಷ್ಟರಲ್ಲಿ ಮಾಸ್ಟರ ಅಂಗೈ ಆಕೆಯ ಬಾಯಿ ಮುಚ್ಚಿತು. ಸೀಮೆಸುಣ್ಣ, ಮಿಷನ್ ಎಣ್ಣೆಯ ವಾಸನೆ.

"ಆಗಲ್ಲ," ಎಂದರು ಮಾಸ್ಟರು. "ಈ ಬಟ್ಟೇಲಿ ಜೀವ ಇಲ್ಲ."

ಅವಳು ಕೋಟು ಕಿತ್ತುಕೊಂಡು ತಿರುಗಿ ನೋಡದೆ ಹೋದಳು. ಗಂಡ ಸತ್ತವಳ ಹತ್ತಿರ ಆಡುವ ಮಾತೇ ಅದು? ಇಪ್ಪತ್ತೊಂದು ವರ್ಷ ಬಾಯಿ ಕಟ್ಟಿಕೊಂಡಿದ್ದವರಿಗೆ ಮಾತಿನ ಅಳತೆಯೇ ಮರೆತುಹೋಗಿತ್ತು. ಆಕೆಗೆ ಮೊದಲು ಅನ್ನಿಸಿದ್ದೇ ಅದು: ನನ್ನ ಬಾಯಲ್ಲಿ ಮಾತಾಡುತ್ತಿದ್ದ ಗಂಡನೇ ಇವರಿಗಿಂತ ಒಳ್ಳೆಯವನಾಗಿದ್ದ. ಆಮೇಲೆ ಆ ದನಿ ಕಿವಿಯಲ್ಲಿ ಉಳಿಯಿತು. ಒಣಗಿದ, ಮುದಿಯಾದ, ಯಾರದೋ ದನಿ. ತಾನು ಇಷ್ಟು ದಿನ ಒಳಗೊಳಗೇ ಕಾಪಾಡಿಕೊಂಡು ಬಂದಿದ್ದು ಇಪ್ಪತ್ತೊಂಬತ್ತರ ಹರೆಯದ ಮಾತುಗಾರನ ದನಿಯನ್ನು. ಅದು ಎಂದೋ ಸತ್ತುಹೋಗಿತ್ತು, ಯಾರೂ ಹೇಳಿರಲಿಲ್ಲ. ಆಕೆಗೆ ಅಳು ಬಂತು.

ಮಾಸ್ಟರ ಮುಖ ಬಿಳಿಚಿಕೊಂಡಿತ್ತು. ತಾನು ಏನು ಮಾಡಿದೆ ಎಂಬುದು ಈಗ ಹೊಳೆದಂತೆ ಅವರು ಗೋಡೆಯ ಗಡಿಯಾರ ನೋಡಿದರು, ಬಾಗಿಲು ನೋಡಿದರು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೊರಟರು. ಎಲ್ಲಿಗೆ ಎಂದು ಆಕೆ ಕೇಳಬೇಕಿರಲಿಲ್ಲ. ಅಂಗಡಿಯನ್ನು ತೆರೆದಿದ್ದ ಹಾಗೇ ಬಿಟ್ಟು ಹಿಂದೆ ಓಡಿದಳು. ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಬರಿಗಾಲಲ್ಲಿ ಹೋಗುತ್ತಿದ್ದ ಸ್ವಾಮಿಗೆ ಜನ ದಾರಿ ಬಿಟ್ಟರು. ಯಾರೋ ಕೈ ಮುಗಿದರು.

ಕನ್ನಡಕದ ಅಂಗಡಿಯ ಗಾಜಿನ ಬಾಗಿಲು ತಳ್ಳಿದಾಗ ಮಗಳು ಬೆನ್ನು ತಿರುಗಿಸಿ ನಿಂತಿದ್ದಳು. ಒಬ್ಬ ಮುದುಕರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಬಾಗಿಸಿ ಬಾಗಿಸಿ ನೋಡುತ್ತಿದ್ದಳು. ನಿಂತಿದ್ದಳು, ಉಸಿರಾಡುತ್ತಿದ್ದಳು. ಮಾಸ್ಟರು ಬಾಗಿಲ ಬಳಿ ಏದುಸಿರು ಬಿಡುತ್ತಾ ನಿಂತರು.

"ಚೆನ್ನಾಗಿದೀಯೇನಮ್ಮಾ?" ಎಂದರು.

ಬುದ್ಧಿ ಬಂದಾಗಿನಿಂದ ಆ ಹುಡುಗಿ ಅಪ್ಪನ ದನಿ ಕೇಳಿದವಳಲ್ಲ. ತಿರುಗದೆಯೇ, ಗಿರಾಕಿಗಳಿಗೆಂದೇ ಇಟ್ಟುಕೊಂಡ ಮೆದು ದನಿಯಲ್ಲಿ ಹೇಳಿದಳು. "ಚೆನ್ನಾಗಿದೀನಿ ಸರ್. ಕೂತ್ಕೊಳಿ, ಒಂದೇ ನಿಮಿಷ ಬಂದೆ."

ಮಾಸ್ಟರು ಹೆಂಡತಿಯ ಕಡೆ ತಿರುಗಿದರು. ಹಳೇ ಅಭ್ಯಾಸದಂತೆ ಮೊಣಕೈಗೆ ಮೆಲ್ಲಗೆ ಬೆರಳು ತಾಗಿಸಿದರು. ಹೇಳು, ನಾನು ಯಾರು ಅಂತ ಹೇಳು. ಇಷ್ಟು ವರ್ಷ ಜಗತ್ತಿಗೆಲ್ಲ ಅದನ್ನು ಹೇಳಿಕೊಂಡು ಬಂದವಳು ಆಕೆಯೇ. ನಿಮ್ಮಪ್ಪ ಕಣೇ ಎಂಬ ಎರಡೇ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಆಕೆ ಸುಸ್ತಾಗಿ ಅಲ್ಲಿದ್ದ ಬೆಂಚಿನ ಮೇಲೆ ಕೂತಳು. ಬೆರಳ ಗೆಣ್ಣಿನಿಂದ ಮರದ ಮೇಲೆ ಎರಡು ಸಲ ಕುಟ್ಟಿದಳು.

ಮಾಸ್ಟರು ಪಕ್ಕದಲ್ಲಿ ಕೂತರು. ಮಗಳು ಮುದುಕರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡುತ್ತಿದ್ದಳು.