ಮೂರನೇ ತುತ್ತಿನ ಜಾಹೀರಾತು

ನನ್ನ ಮೊದಲ ಜಾಹೀರಾತಿಗೆ ಬಂದ ಉತ್ತರಗಳೆಲ್ಲ ಕೈ ಮುಗಿದ ಚಿತ್ರಗಳೇ. ಒಬ್ಬರು ಮಾತ್ರ ಗುಲಾಬಿ ಹೂವಿನ ಜೊತೆ ಶುಭೋದಯ ಅಂತ ಕಳಿಸಿದ್ದರು, ಅದೂ ಮಧ್ಯಾಹ್ನ ಎರಡು ಗಂಟೆಗೆ. ‘ಶುದ್ಧ, ರುಚಿಕರ, ಪೌಷ್ಟಿಕ ರಾಗಿ ಸರಿ ದೊರೆಯುತ್ತದೆ’ ಎಂದು ಬರೆಯಲು ನಾನು ಒಂದು ಬೆಳಗಿನ ಕೆಲಸವನ್ನೇ ಕೆಡಿಸಿಕೊಂಡಿದ್ದೆ. ಒಬ್ಬರಾದರೂ ಒಂದು ಪೊಟ್ಟಣ ಕೇಳಲಿಲ್ಲ.

ರಾಗಿ ಸರಿ ಅಂದರೆ ಎಳೆಗೂಸಿಗೆ ಹಾಲು ಬಿಟ್ಟರೆ ಮೊದಲು ತಿನ್ನಿಸುವ ಹಿಟ್ಟು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ಕೊನೆಗೆ ಪಂಚೆಯಲ್ಲಿ ಸೋಸಬೇಕು. ಪಂಚೆ ಹೊಸದಾದರೆ ಹಿಟ್ಟು ಇಳಿಯುವುದಿಲ್ಲ, ತೀರಾ ಹಳೆಯದಾದರೆ ಹೊಟ್ಟೂ ಇಳಿದುಬಿಡುತ್ತದೆ. ಇದನ್ನೆಲ್ಲ ನನಗೆ ಕಲಿಸಿದ್ದು ಗಂಡನ ಅಕ್ಕ, ಮಳವಳ್ಳಿಗೆ ಕೊಟ್ಟ ಹೆಣ್ಣು. ನಾನು ಮದ್ದೂರಿನ ಹತ್ತಿರದ ಕೊಪ್ಪಕ್ಕೆ ಸೊಸೆಯಾಗಿ ಬಂದು ಮೊದಲ ಮಗು ಹೆತ್ತಾಗ ನಮ್ಮಮ್ಮ ಇರಲಿಲ್ಲ, ಬಾಣಂತನ ಮಾಡಿದವಳೂ ಆಕೆಯೇ. ನಾನೂ ಅಕ್ಕ ಅಂತಲೇ ಕರೆಯುವುದು. ಮಕ್ಕಳು ದೊಡ್ಡವರಾದ ಮೇಲೆ ಸುಮ್ಮನೆ ಕೂರಲಾರದೆ ಆ ಹಿಟ್ಟನ್ನೇ ಮಾರಲು ಹೊರಟೆ. ಮಂಡ್ಯ, ಮದ್ದೂರು, ಮಳವಳ್ಳಿಯ ನೆಂಟರು, ನೆಂಟರ ನೆಂಟರು, ಸಂಘದ ಹೆಂಗಸರು ಎಲ್ಲರೂ ಸೇರಿ ನನ್ನ ಫೋನಿನಲ್ಲಿ ಉದ್ದನೆಯ ಪಟ್ಟಿಯೇ ಇತ್ತು.

ಆ ಗುಲಾಬಿ ಹೂವು ನೋಡಿ ನನಗೆ ರೋಷ ಹತ್ತಿತು. ಸಣ್ಣ ವ್ಯಾಪಾರದವರಿಗೆ ಜಾಹೀರಾತು ಬರೆಯುವುದನ್ನು ಕಲಿಸುವ ಒಂದು ಆನ್‌ಲೈನ್ ಕ್ಲಾಸಿಗೆ ಸೇರಿಕೊಂಡೆ. ಮೇಷ್ಟ್ರಿಗೆ ನನ್ನ ಮಗನ ವಯಸ್ಸು, ಆದರೆ ಮಾತು ಬಲು ಚೊಕ್ಕ.

“ನೂರು ಜನಕ್ಕೆ ಬರೀಬೇಡಿ, ಒಬ್ಬರಿಗೆ ಬರೀರಿ. ನಿಮಗೆ ಚೆನ್ನಾಗಿ ಗೊತ್ತಿರೋ ಒಬ್ಬರನ್ನ ಕಣ್ಣಮುಂದೆ ಕೂರಿಸಿಕೊಳ್ಳಿ. ಅವರಿಗೆ ಎಲ್ಲಿ ನೋವಿದೆಯೋ ಅಲ್ಲೇ ಬೆರಳಿಡಿ. ಆಮೇಲೆ ಔಷಧಿ ತೋರಿಸಿ. ಕೊನೇಲಿ, ಈಗ ಏನು ಮಾಡಬೇಕು ಅಂತ ಬಾಯಿಬಿಟ್ಟು ಹೇಳಿ.”

ಶುದ್ಧ, ರುಚಿಕರ ಅನ್ನುವುದು ಯಾರ ನೋವೂ ಅಲ್ಲ ಅಂತಲೂ ಹೇಳಿದರು. ನಿಜ ಅನ್ನಿಸಿತು. ಇವತ್ತಿಗೂ ಅದು ನಿಜವೇ, ತಪ್ಪು ಪಾಠದ್ದಲ್ಲ.

ನಾನು ಕಣ್ಣಮುಂದೆ ಕೂರಿಸಿಕೊಂಡದ್ದು ಅಕ್ಕನ ಮಗಳನ್ನು. ಮಂಡ್ಯಕ್ಕೆ ಮದುವೆ ಮಾಡಿಕೊಟ್ಟಿದ್ದ ಆ ಹುಡುಗಿ ಎಂಟು ತಿಂಗಳ ಕೂಸಿನೊಡನೆ ತವರಿಗೆ ಬಂದಿದ್ದಳು. ಹಿಂದಿನ ವಾರ ನಾನು ಹೋಗಿದ್ದಾಗ ಅಡುಗೆಮನೆಯಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ಅತ್ತಿದ್ದಳು. ಕೂಸು ಎರಡು ತುತ್ತು ತಿಂದು ಮೂರನೆಯದಕ್ಕೆ ಮುಖ ತಿರುಗಿಸುತ್ತದಂತೆ, ನಾಲ್ಕನೆಯದನ್ನು ಅವಳ ಹೆಗಲ ಮೇಲೇ ಉಗಿಯುತ್ತದಂತೆ. ನೋಡಲು ಬಂದವರೆಲ್ಲ ಅದರ ತೊಡೆ ಮುಟ್ಟಿ “ಹಾಲು ಸಾಲಲ್ವಾ?” ಅನ್ನುತ್ತಾರಂತೆ. ಅವಳ ಅತ್ತೆಯಂತೂ ಮಂಡ್ಯದಿಂದ ಫೋನು ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಾರಂತೆ.

ನಾನು ಬರೆದೆ: ‘ತಾಯೀ, ಮೂರನೇ ತುತ್ತಿಗೆ ಕೂಸು ಮುಖ ತಿರುಗಿಸುತ್ತಾ? ನಾಲ್ಕನೆಯದು ನಿನ್ನ ಹೆಗಲ ಮೇಲಾ? ಬಂದವರೆಲ್ಲ ತೊಡೆ ಮುಟ್ಟಿ “ಹಾಲು ಸಾಲಲ್ವಾ” ಅಂತಾರಾ? ಇನ್ನೆಷ್ಟು ದಿನ ಕೇಳಿಸಿಕೊಳ್ತೀಯಾ? ರಾಗಿ ಸರಿಗೆ ಈಗಲೇ ನನಗೊಂದು ಮೆಸೇಜು ಮಾಡು.’

ಓದಿಕೊಂಡು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಿಂಡಿ ಆದ ಮೇಲೆ ಕಳಿಸಿದ್ದು, ಊಟದ ಹೊತ್ತಿಗೆ ಫೋನು ಬಿಸಿಯಾಗಿತ್ತು. ಕೈ ಮುಗಿದ ಚಿತ್ರ ಒಂದೂ ಇಲ್ಲ. “ನಮ್ಮನೇದೂ ಇಂಗೇ ಕಣಕ್ಕ” ಅಂತ ಒಬ್ಬಳು, “ನನ್ನೇ ನೋಡ್ಕೊಂಡು ಬರ್ದಂಗೈತೆ” ಅಂತ ಇನ್ನೊಬ್ಬಳು. ಇದ್ದ ರಾಗಿ ಸಾಲದೆ ಇನ್ನೊಂದು ಚೀಲ ತರಿಸಿದೆ. ಮಂಡ್ಯದ ಕೃಷಿ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸ ಮುಗಿಸಿ ಬಂದ ಯಜಮಾನರಿಗೆ ಜಗಲಿ ತುಂಬ ಹರಡಿದ್ದ ರಾಗಿಯ ನಡುವೆ ಕಾಲಿಡಲು ಜಾಗವಿರಲಿಲ್ಲ. ಅವರೇನೂ ಗೊಣಗಲಿಲ್ಲ, ನಾನು ಅಷ್ಟು ಖುಷಿಯಾಗಿದ್ದೆ.

ಮೂರನೇ ದಿನ ಅಕ್ಕ ಫೋನು ಮಾಡಿದಳು.

“ಏನಮ್ಮಿ, ನಮ್ ಕೂಸ್ನ ಬೀದೀಲಿ ನಿಲ್ಸಿ ರಾಗಿ ಇಟ್ಟು ಮಾರ್ತಾ ಇದ್ದೀಯಾ?”

ನನ್ನ ಜಾಹೀರಾತು ಒಬ್ಬರಿಂದ ಒಬ್ಬರಿಗೆ ದಾಟಿ ಮಂಡ್ಯದ ಬೀಗಿತಿಯ ಫೋನಿಗೂ ಹೋಗಿತ್ತು. ಆಕೆ ಅದನ್ನು ಸೊಸೆಗೆ ಕಳಿಸಿ, ಕೆಳಗೆ ‘ಓದು’ ಎಂದು ಒಂದೇ ಮಾತು ಬರೆದಿದ್ದರು. ಹುಡುಗಿಗೆ ಎರಡು ಸಾಲು ಓದುವಷ್ಟರಲ್ಲೇ ಗೊತ್ತಾಗಿತ್ತು, ಇದು ತಾನು ಅಡುಗೆಮನೆಯಲ್ಲಿ ಅತ್ತುಕೊಂಡು ಹೇಳಿದ ಮಾತು ಎಂದು.

“ಅಂಗಲ್ಲ ಕಣಕ್ಕ, ಅವ್ಳ ಎಸ್ರು ಆಕಿಲ್ಲ ನಾನು…”

“ಎಸ್ರು ಯಾಕಮ್ಮಿ? ಅವ್ಳಿಗೆ ಗೊತ್ತಾಯ್ತಲ್ಲ, ಸಾಕು. ಕೂಸು ಸಣ್ಣ, ದಪ್ಪ ಅಂತ ಬಾಯ್ ಬುಡಬಾರ್ದು ಅಂತ ಬಾಣಂತನದಾಗೆ ಯೋಳ್ಕೊಟ್ಟಿರ್ನಿಲ್ವಾ? ನೆನ್ನೆಯಿಂದ ಅದ್ರ ಮೈ ಬಿಸಿ ಐತೆ. ನಿನ್ ಕಣ್ಣೇ ತಾಕಿರಾದು. ನೀನು ಈ ಕಡೆ ಬರಾದು ಬ್ಯಾಡ ಬುಡು.”

ಮೊದಲು ನನಗೂ ಕೋಪವೇ ಬಂತು. ಕಣ್ಣಂತೆ, ಯಾವ ಕಾಲದ ಮಾತು! ಪಾತ್ರೆ ಕುಕ್ಕಿದೆ, ಯಜಮಾನರ ಮೇಲೆ ರೇಗಿದೆ. ಆದರೆ ಜಾಹೀರಾತನ್ನು ಮತ್ತೆ ಓದಿದಾಗ ‘ಇನ್ನೆಷ್ಟು ದಿನ ಕೇಳಿಸಿಕೊಳ್ತೀಯಾ’ ಅನ್ನುವ ಸಾಲಿನಲ್ಲಿ ನನಗೆ ಆ ಹುಡುಗಿಯ ಮುಖ ಕಂಡಿತು. ನಾಚಿಕೆಯಾಯಿತು, ಭಯವೂ ಆಯಿತು. ತಾಯಿಯಂತೆ ನನಗೆ ಬಾಣಂತಿ ನೀರು ಹಾಕಿದವಳ ಮನೆಯ ಬಾಗಿಲು ಮುಚ್ಚಿಹೋದರೆ ನಾನು ಎಷ್ಟು ಚೀಲ ರಾಗಿ ಮಾರಿ ಏನು ಪ್ರಯೋಜನ? ಜಾಹೀರಾತನ್ನು ಅಳಿಸಿಹಾಕಿದೆ. ಮಾರನೆಯ ದಿನ ಮಂಗಳವಾರ, ಮದ್ದೂರಿಗೊಂದು ಬಸ್ಸು, ಅಲ್ಲಿಂದ ಮಳವಳ್ಳಿಗೊಂದು ಬಸ್ಸು ಹಿಡಿದೆ.

ಅಕ್ಕ ಬಾ ಅನ್ನಲಿಲ್ಲ. ಒಂದು ಲೋಟ ನೀರನ್ನೂ ಕೊಡಲಿಲ್ಲ. ಕೂಸಿನ ಜ್ವರ ಅಷ್ಟರಲ್ಲಿ ಇಳಿದಿತ್ತು, ಹಲ್ಲು ಬರುವಾಗ ಮೈ ಬಿಸಿಯಾಗುವುದುಂಟು ಅಂದಿದ್ದರಂತೆ ಡಾಕ್ಟರು. ಅಕ್ಕನಿಗೆ ಅದು ಲೆಕ್ಕಕ್ಕಿಲ್ಲ. ಮುಸ್ಸಂಜೆಯವರೆಗೆ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಆಮೇಲೆ ಒಳಗೆ ಕರೆದು ನನ್ನ ಮುಷ್ಟಿಗೆ ಕಲ್ಲುಪ್ಪು, ಒಣಮೆಣಸಿನಕಾಯಿ ತುಂಬಿದಳು.

“ಇಟ್ಟ ಕಣ್ಣ ನೀನೇ ತೆಗಿ.”

ಹುಡುಗಿ ನನ್ನ ಮುಖ ನೋಡದೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನಾನು ಮುಷ್ಟಿಯನ್ನು ಸುತ್ತಿಸುತ್ತಾ “ನಾಯಿ ಕಣ್ಣು, ನರಿ ಕಣ್ಣು, ಬೀದಿ ಕಣ್ಣು, ನೆಂಟರ ಕಣ್ಣು” ಅನ್ನತೊಡಗಿದೆ.

“ನಿಂದೂ ಸೇರ್ಸು,” ಅಂದಳು ಅಕ್ಕ.

“ನನ್ನ ಕಣ್ಣು” ಅಂದೆ.

“ಮೊಬೈಲ್ ಕಣ್ಣು ಬುಟ್ಬುಟ್ಟೆ.”

ನಗಬೇಕೋ ಅಳಬೇಕೋ ತಿಳಿಯದೆ ಅದನ್ನೂ ಸೇರಿಸಿದೆ. ಅಕ್ಕ ನನ್ನನ್ನು ಬಚ್ಚಲಿಗೆ ಕರೆದೊಯ್ದಳು. ನೀರೊಲೆಯಲ್ಲಿ ಕೆಂಡವಿತ್ತು. ಮೆಣಸಿನಕಾಯಿ ಸುಟ್ಟಾಗ ಘಾಟು ಬರದಿದ್ದರೆ ಕಣ್ಣು ತಾಕಿತ್ತು ಅಂತ ಅರ್ಥ, ಬಂದರೆ ತಾಕಿರಲಿಲ್ಲ ಅಂತ. ಇದನ್ನು ನಂಬುವವಳಲ್ಲ ನಾನು. ಆದರೂ ಮುಷ್ಟಿ ಬಿಚ್ಚಿ ಒಲೆಗೆ ಹಾಕಿ ಉಸಿರು ಹಿಡಿದು ನಿಂತೆ. ಉಪ್ಪು ಚಟಪಟ ಅಂದಿತು, ಬೇರೇನೂ ಇಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ಹೊಡೆಯಿತು ನೋಡಿ ಘಾಟು! ನಾನು ಕೆಮ್ಮಿದೆ, ಅಕ್ಕ ನನಗಿಂತ ಜೋರಾಗಿ ಕೆಮ್ಮಿದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಕಣ್ಣು ಮೂಗೆಲ್ಲ ನೀರಾಗಿ ಹೊರಗೆ ಓಡಿ ಬಂದೆವು. ಕೆಮ್ಮಿಗೆ ಅಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲೇ ಇಲ್ಲ.

“ನಿಂದಲ್ಲ ಬುಡಮ್ಮಿ,” ಅಂದಳು ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ.

ಕಣ್ಣು ನನ್ನದಲ್ಲ, ಆದರೆ ಬರೆದ ಕೈ ನನ್ನದೇ. ಹುಡುಗಿಯ ಮುಂದೆ ಕೂತು, “ತಪ್ಪಾಯ್ತು ಕಣವ್ವ. ನೀನು ನಂಬಿ ಯೋಳಿದ್ನ ಮಾರ್ಕೊಂಡೆ,” ಅಂದೆ. ನಾವಿಬ್ಬರು ಕೆಮ್ಮುವುದನ್ನು ಕಂಡು ಕೂಸು ಬಾಯಿ ತೆರೆದು ನಗುತ್ತಿತ್ತು, ಅವಳು ಅದೇ ಸಮಯ ನೋಡಿ ಸರಿ ತುಂಬಿದ ಚಮಚ ಇಳಿಸುತ್ತಿದ್ದಳು. ಬಟ್ಟಲು ಅರ್ಧ ಖಾಲಿಯಾದ ಮೇಲೆ ನನ್ನ ಕಡೆ ತಿರುಗಿದಳು.

“ಫೋನ್ ತಗಿ ಅತ್ತೆ. ನಾನ್ ಯೋಳ್ತೀನಿ, ಬರ್ಕೊ.”

ಅವಳು ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆದುಕೊಂಡೆ: ‘ಮೂರನೇ ತುತ್ತಿಗೆ ಮುಖ ತಿರುಗ್ಸೋದು ನಮ್ ಕೂಸೇ. ಹಾಲು ಸಾಲಲ್ವಾ ಅಂತ ಕೇಳ್ಸ್ಕೊಂಡೋಳು ನಾನೇ. ಕೂಸು ಚೆಂದಾಗೈತೆ. ಇನ್ಮ್ಯಾಲೆ ಯಾರಾದ್ರೂ ಅಂಗ್ ಕೇಳುದ್ರೆ ಚಮಚ ಅವ್ರ ಕೈಗೇ ಕೊಟ್ಟು, ನೀವೇ ತಿನ್ಸಿ ಅನ್ನಿ. ರಾಗಿ ಸರಿ ಇಟ್ಟು ಕೊಪ್ಪದಲ್ಲಿ ಸಿಗ್ತದೆ, ಮೆಸೇಜ್ ಮಾಡಿ.’ ಏನು ಮಾಡಬೇಕೆಂದು ಕೊನೆಯಲ್ಲಿ ಬಾಯಿಬಿಟ್ಟು ಹೇಳಿದ್ದೂ ಆಗಿತ್ತು. ನಮ್ಮ ಮೇಷ್ಟ್ರು ನೋಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

ನನ್ನ ಪಟ್ಟಿಗೆ ನಾನು ಕಳಿಸಿದೆ. ಹುಡುಗಿ ಅದನ್ನು ಮಂಡ್ಯದ ಅತ್ತೆಗೆ ತಾನೇ ಕಳಿಸಿದಳು, ಕೆಳಗೆ ‘ಓದಿ’ ಎಂದು ಸೇರಿಸಿ.

ಮೂವರೂ ಆ ಫೋನನ್ನೇ ನೋಡುತ್ತಾ ಕೂತೆವು. ಕೂಸು ಅಷ್ಟರಲ್ಲಿ ನಿದ್ದೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಮಂಡ್ಯದಿಂದ ಉತ್ತರ ಬಂತು: ‘ಭಾನ್ವಾರ ಬತ್ತೀನಿ. ಚಮಚ ಮಡಗಿರಿ.’

ಅಕ್ಕ ಅದನ್ನು ಎರಡು ಸಲ ಓದಿಸಿ ಕೇಳಿಸಿಕೊಂಡಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಬೆಳಗಿನಿಂದ ಕಾದಿದ್ದ ನನಗೆ ಕಾಫಿಗೆ ಇಟ್ಟಳು.