ರೊಟ್ಟಿ ಬಡಿದದ್ದು ಯಾರ ಕೈ?

ಬೆಳಗಿನ ಆರು ಗಂಟೆ. ದಾವಣಗೆರೆ ಎಂ.ಸಿ.ಸಿ. ಬಡಾವಣೆಯ ಪಡಸಾಲೆಯೊಂದರಲ್ಲಿ ಯಲ್ಲಕ್ಕ ಬಿಸಿ ಎಣ್ಣೆಯಲ್ಲಿ ಕೈ ಅದ್ದಿ, ಮರುಳಸಿದ್ದಮ್ಮನ ಸೊಟ್ಟಗಾದ ಬೆರಳು ತಿಕ್ಕುತ್ತಿದ್ದಾಳೆ. ಅದೇ ಕೀಲುವಾತ ಇರುವ ಗಂಡ ಉಜ್ಜನಪ್ಪ ಕುರ್ಚಿಯಲ್ಲಿ ಗೊಣಗುತ್ತಾರೆ: "ನನ್ನ ಪಾಳಿ ಯಾವಾಗ?"

"ಸುಮ್ನೆ ಕೂಡ್ರಿ ಯಜಮಾನ್ರೆ. ನಾಕು ವರ್ಷ ಅಮ್ಮಾರು ಕಾದಾರೆ."

ಯಲ್ಲಕ್ಕ ಆಸ್ಪತ್ರೆಯ ಆಯಾ ಆಗಿದ್ದವಳು. ಗಂಡ ಸತ್ತ ಮೇಲೆ ಹನ್ನೊಂದು ವರ್ಷದಿಂದ ಹರಿಹರದ ಮೊದಲ ಬಸ್ಸಿಗೆ ಬಂದು, ಎಣ್ಣೆ ತಿಕ್ಕಲು ದಿನಕ್ಕೆ ಆರು ಮನೆ ಸುತ್ತುತ್ತಾಳೆ. ಆರಕ್ಕೆ ಆರೂ ಮನೆಯವರು ಕರೆಸಿಕೊಂಡದ್ದು ಗಂಡಸರ ಕಾಲಿಗೆ. "ಈ ಬ್ಯಾನಿ ಹೆಂಗಸರಿಗೇ ಜಾಸ್ತಿ ಅಂತಾರೆ ಡಾಕ್ಟ್ರು. ಮತ್ತೆ ಅವರೆಲ್ಲಿ? ಒಲಿ ಮುಂದೆ!" ಅನ್ನುವಾಗ ಅವಳ ದನಿ ಏರುತ್ತದೆ.

ಈ ಮನೆಯಲ್ಲಿ ಅವಳದೂ ಒಂದು ತಪ್ಪಿದೆ. ಅದನ್ನು ಅವಳೇ ಹೇಳುತ್ತಾಳೆ. ಮರುಳಸಿದ್ದಮ್ಮನ ಕೈಯಲ್ಲಿ ಹಿಟ್ಟು ನಿಲ್ಲದಾದಾಗ, ಪಾಪ ಅಂತ ಎಣ್ಣೆ ತಿಕ್ಕುವುದಕ್ಕೆ ಅರ್ಧ ಗಂಟೆ ಮೊದಲೇ ಹಿತ್ತಲ ಬಾಗಿಲಿಂದ ಒಳಹೊಕ್ಕು ಹದಿನೈದು ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು. ಹೋದ ವರ್ಷ, ತೊಂಬತ್ತೆಂಟರಲ್ಲಿ, ಮನೆಗೆ ಬಂದ ಡಾಕ್ಟರು ಅಮ್ಮನ ಬೆರಳು ನೋಡಿ ಏನಿದು ಅಂದರು. ಉಜ್ಜನಪ್ಪ ನಕ್ಕುಬಿಟ್ಟರು: "ಆಕಿಗೇನಾಗೇತೆ? ದಿನಾ ರೊಟ್ಟಿ ಬಡಿಯೋ ಸಪ್ಪಳಕ್ಕೇ ನಂಗೆ ಎಚ್ಚರಾಗೋದು."

"ನನ್ನ ಎದಿಗೆ ಕೊಳ್ಳಿ ಇಟ್ಟಂಗಾತು. ಕರುಣೆ ಅನ್ಕಂಡಿದ್ದೆ. ಆಕಿ ಬ್ಯಾನಿ ಮ್ಯಾಲೆ ನಾನೇ ಮುಚ್ಚಳ ಹಾಕಿದ್ದೆ" ಅನ್ನುತ್ತಾಳೆ ಯಲ್ಲಕ್ಕ.

ಮರುದಿನ ಯಲ್ಲಕ್ಕ ಹಿಟ್ಟು ಮುಟ್ಟಲಿಲ್ಲ. ಅಮ್ಮ ಬಡಿದ ರೊಟ್ಟಿ ಮೂರು ಸಲ ಹರಿಯಿತು. ಒಂಬತ್ತಾದರೂ ತಟ್ಟೆ ಖಾಲಿ. ಮಗ ಬಕ್ಕೇಶ್ ಕೂಗಾಡುತ್ತ ಅಡಿಗೆಮನೆಗೆ ಬಂದ.

"ಇಷ್ಟು ದಿನ ನೀವೆಲ್ಲ ಉಂಡಿದ್ದು ನನ್ನ ಕೈ ರೊಟ್ಟಿ. ನಿಮ್ಮವ್ವನ ಕೈ ಒಂದ್ಸಲ ಹಿಡಿದು ನೋಡಪ್ಪ!"

"ನಾಳಿಂದ ಬರಬ್ಯಾಡ ನೀನು!" ಉಜ್ಜನಪ್ಪ ಪಡಸಾಲೆಯಿಂದಲೇ ಗುಡುಗಿದರು.

ಯಲ್ಲಕ್ಕ ಕದಲಲಿಲ್ಲ. ಬಕ್ಕೇಶ್ ಅವ್ವನ ಕೈ ಹಿಡಿದ. ಬೆರಳು ಬಿಡಿಸಲು ಹೋದ, ಬಿಡಿಸಲಾಗಲಿಲ್ಲ. ಅವತ್ತೇ ಅವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ನೋವು ಇಳಿಸಬಹುದು, ಬೆರಳು ಇನ್ನು ನೆಟ್ಟಗಾಗಲ್ಲ, ನಾಲ್ಕು ವರ್ಷ ತಡವಾಯಿತು ಅಂದರು ಡಾಕ್ಟರು. ಗಂಡನಿಗೆ ಮಾತ್ರ ಆ ನಾಲ್ಕು ವರ್ಷವೂ ತಿಂಗಳು ತಪ್ಪದೆ ಗುಳಿಗೆ ಬಂದಿದ್ದವು.

ಮೂರನೆಯ ದಿನ ಉಜ್ಜನಪ್ಪನವರೇ ಹೇಳಿಕಳಿಸಿದರು. "ಬರ್ತೀನಿ. ಆದ್ರೆ ಮೊದಲು ಅಮ್ಮಾರ ಕೈ" ಎಂದಳು ಯಲ್ಲಕ್ಕ. ಉಳಿದ ಐದು ಮನೆಯಲ್ಲೂ ಈಗ ಎಣ್ಣೆ ಕಾಯಿಸುವ ಮೊದಲು ಅವಳದು ಒಂದೇ ಮಾತು: "ಅಮ್ಮಾರೆ, ಕೈ ತೋರಿಸ್ರಿ."

ಎಣ್ಣೆ ಬಟ್ಟಲು ಎತ್ತಿಡುವಾಗ ಅವಳ ಹೆಬ್ಬೆರಳು ಬಗ್ಗದೆ ತಡೆಯುತ್ತದೆ.

"ನಂಗೂ ಸುರುವಾಗೇತ್ರಿ. ಬ್ಯಾನಿ ಬಂದ ಮೊದಲನೇ ದಿನಾನೇ ನನ್ನ ಮಗನ ಮುಂದೆ ಹೇಳೀನಿ. ಇವತ್ತು ರೊಟ್ಟಿ ಅವನೇ ಬಡದಾನೆ. ದಪ್ಪ ಆಗಿದ್ವು, ಉಂಡು ಬಂದೆ."