ರುಮಾಲು ಸುತ್ತುವ ವಿರೂಪಾಕ್ಷಪ್ಪ

ಭಾಗ್ಯನಗರದಲ್ಲಿ ರುಮಾಲು ಸುತ್ತಲು ಬರುವ ಕೈ ಈಗ ವಿರೂಪಾಕ್ಷಪ್ಪನದೊಂದೇ. ಹಾಲಿನ ಪಾಕೀಟು ತರಲು ಹೋಗುವುದಿದ್ದರೂ ಅವನು ಕನ್ನಡಿ ಮುಂದೆ ನಿಂತು ತಲೆಗೆ ಬಿಳಿ ರುಮಾಲು ಸುತ್ತಿಕೊಳ್ಳಬೇಕು. ಅಷ್ಟರಲ್ಲಿ ಒಲೆಯ ಮೇಲಿನ ಚಹಾದ ನೀರು ಇಂಗಿರುತ್ತದೆ. ಹೆಂಡತಿ ಅನ್ನಮ್ಮ ಬೈಯುವುದಿಲ್ಲ, ಮತ್ತೆ ನೀರಿಡುತ್ತಾಳೆ. ಮಗ ಕೊಟ್ರೇಶ ಹೆಲ್ಮೆಟ್ ಹಾಕಿಕೊಂಡು ಬೈಕ್ ಹತ್ತುವಾಗ ವಿರೂಪಾಕ್ಷಪ್ಪ, "ಅಪ್ಪನ ಮಾತಿಗೆ ತಲಿ ಮುಚ್ಚಲಿಲ್ಲ, ಪೊಲೀಸಪ್ಪನ ಅಂಜಿಕಿಗೆ ಮುಚ್ಚಿದಿ ನೋಡಪಾ" ಎನ್ನುತ್ತಾನೆ. ಮದುವೆಯಲ್ಲಿ ಉಡುಗೊರೆಯೆಂದು ಆಯೇರಿ ಮಾಡಿದ ಟೊಪ್ಪಿಗೆಯನ್ನು ಜನ ಫೋಟೊ ಮುಗಿದ ಕೂಡಲೇ ಕಿಸೆಗೆ ತುರುಕುತ್ತಾರೆ. ಮದುಮಗನಿಗೂ ಈಗ ಅಂಗಡಿಯಲ್ಲಿ ಹೊಲಿದಿಟ್ಟ ಪೇಟ. ಇವನನ್ನು ಕರೆಯುವವರು ಸಾವಿನ ಮನೆಯವರು ಮಾತ್ರ, ಗೋಡೆಗೆ ಒರಗಿಸಿ ಕೂಡಿಸಿದ ಹೆಣಕ್ಕೆ ರುಮಾಲು ಸುತ್ತುವುದಕ್ಕೆ. "ಜೀವ ಇದ್ದಾಗ ಒಲ್ಲೆ ಅಂದವ್ರು ಈಗ ಸುಮ್ನ ಕುಂತು ಸುತ್ತಿಸಿಕೊಳ್ತಾರ" ಎನ್ನುತ್ತ ದಣಿದು ಬಂದು ಜಳಕಕ್ಕೆ ಕೂರುತ್ತಾನೆ. ಈಚೆಗೆ ಅವನಿಗೊಂದು ಹೊಸ ಹಟ. ಊಟವಾದ ಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತು, "ನಾ ಹ್ವಾದ ಮ್ಯಾಲೆ ನನಗ ಸುತ್ತವ್ರು ಯಾರದಾರ? ನಿನ್ನ ಮಗ ಮೊಬೈಲ್ ನೋಡಿ ಸುತ್ತತೀನಿ ಅಂತಾನ. ನೀನರ ಕಲಿ" ಎಂದು ಅನ್ನಮ್ಮನ ಕೈಗೆ ಬಟ್ಟೆ ಕೊಡುತ್ತಾನೆ. ಅವಳು ಸುತ್ತುತ್ತಾಳೆ, ಅದು ಬಿಚ್ಚಿಕೊಳ್ಳುತ್ತದೆ. "ಇನ್ನೂ ಬರವಲ್ದಲ್ಲ ನಿನಗ" ಎಂದು ಅವನು ನಿಟ್ಟುಸಿರು ಬಿಟ್ಟರೆ, "ನಾಳಿಗೆ ಇನ್ನೊಮ್ಮಿ ನೋಡೂಣ್ರಿ" ಎನ್ನುತ್ತಾಳೆ. ಮೊದಲ ದಿನವೇ ಅವಳಿಗೆ ಅದು ಬಂದಿತ್ತು. ಬಂತೆಂದು ಹೇಳಿದರೆ ಇವನು ನಿಶ್ಚಿಂತನಾಗಿ ಹೊರಟುಬಿಟ್ಟಾನೆಂದು ಹೆದರಿ, ದಿನವೂ ಕೊನೆಯ ಸುತ್ತನ್ನು ಬೇಕೆಂದೇ ಸಡಿಲ ಬಿಡುತ್ತಾಳೆ.